'ಮೂನ್‌ಸ್ಟೋನ್' ಕಾದಂಬರಿಯೂ ಶ್ರೀರಂಗಪಟ್ಟಣದ ಕೊಲೆಯೂ

ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' ಎಂಬ ಆಂಗ್ಲ ಪತ್ತೇದಾರಿ ಕಾದಂಬರಿಯು 1868ರಲ್ಲಿ ಪ್ರಕಟವಾಯಿತು. ಅದರ ಕಥೆಯು ನಮ್ಮ ಶ್ರೀರಂಗಪಟ್ಟಣದಲ್ಲಿ ಆರಂಭವಾಗುತ್ತದೆಂಬುದು ಗಮನಾರ್ಹವಾದುದು. 1799ರ ಮೇ 4ರಂದು ಕೋಟೆಯು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ನಡೆದ ಕೊಳ್ಳೆಯಲ್ಲಿ, ಹರ್ನ್‌ಕ್ಯಾಸಲ್ ಎಂಬ ಕಲ್ಪಿತ ಸೇನಾಧಿಕಾರಿಯು ಅರಮನೆಯ ಆಯುಧಾಗಾರದಲ್ಲಿ ಮೂವರು ಭಾರತೀಯರನ್ನು ಕೊಂದು ವಜ್ರವೊಂದನ್ನು ಅಪಹರಿಸುತ್ತಾನೆ. ಸತ್ಯವನ್ನು ಊಹಿಸಿದ ಅವನ ಬಂಧುವು, ಕೊಲೆಯನ್ನು ಕಣ್ಣಾರೆ ಕಾಣದ ಕಾರಣ ಬಹಿರಂಗವಾಗಿ ಆರೋಪಿಸುವುದಿಲ್ಲ.

1848ರಲ್ಲಿ ಅದೇ ವಜ್ರವು ಯಾರ್ಕ್‌ಷೈರಿನ ಮನೆಯೊಂದರಿಂದ ಕಳುವಾದಾಗಲಾದರೋ, ಸಾರ್ಜೆಂಟ್ ಕಫ್ ಬಾಗಿಲಿನ ಬಣ್ಣದ ಕಲೆಯನ್ನೂ ಬಿಡದೆ ಪರಿಶೀಲಿಸುತ್ತಾನೆ. ತಾನು ಪ್ರೀತಿಸಿದವನನ್ನು ಉಳಿಸಲೆಂದು ಸಾಕ್ಷ್ಯವನ್ನು ಬಚ್ಚಿಟ್ಟ ಸೇವಕಿ ರೊಸಾನಾ ಕಡಲತೀರದ ಹೂಳುಮರಳಿನಲ್ಲಿ ಪ್ರಾಣ ಬಿಡುತ್ತಾಳೆ. ವಾಚಕರ ಕಣ್ಣೀರು ಅವಳಿಗೆ ಸಲ್ಲುತ್ತದೆ. ಆ ಮೂವರ ಕೊಲೆಗೆ ವಿಚಾರಣೆಯಿಲ್ಲ. ಅವರಿಗೆ ಹೆಸರೂ ಇಲ್ಲ.

ಈ ಕೃತಿಯನ್ನು ಮುತ್ತಿಗೆಯ ಚರಿತ್ರೆಗೆ ಆಕರವೆಂದು ನಾವು ಭಾವಿಸಲಾಗದು. ಆದರೆ 69 ವರ್ಷಗಳ ತರುವಾಯ, 1857ರ ಸಂಗ್ರಾಮದ ನೆನಪು ಮಾಸುವ ಮುನ್ನವೇ, ಆಂಗ್ಲ ಲೇಖಕನೊಬ್ಬನು ಆ ವಜ್ರವನ್ನು ಕಾಠಿಯಾವಾಡದ ಚಂದ್ರದೇವನ ಹಣೆಗೆ ಮರಳಿಸಿದನು. ನ್ಯಾಯಾಲಯವು ಕೇಳದಿದ್ದ ಪ್ರಶ್ನೆಯನ್ನು ಕಥೆಗಾರನು ಮರೆತಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿಯೆಂದು ನಮ್ಮ ಅಭಿಪ್ರಾಯ.