ಪಿ ಮತ್ತು ಆರ್ ನಡುವಿನ ಜಾಗ

ಕಳೆದ ಮಳೆಗಾಲದ ಒಂದು ರಾತ್ರಿ, ನಮ್ಮ ಬಳಗದ ಕೂಟ ಮುಗಿಸಿ ಹೊರಟಾಗ ಗೆಳೆಯರೊಬ್ಬರ ಆಟೋಮ್ಯಾಟಿಕ್ ಕಾರಿನ ಗೇರು 'ಪಿ'ಯಿಂದ ಕದಲಲಿಲ್ಲ. ಎಂಜಿನ್ ಚಾಲೂ ಆಗಿತ್ತು, ಕಾಲು ಬ್ರೇಕಿನ ಮೇಲೆಯೇ ಇತ್ತು. ಫೋನಿನಲ್ಲಿ ಸಿಕ್ಕ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ? ಹತ್ತುತ್ತಿರಲಿಲ್ಲ. ಪೆಡಲಿನ ಮೇಲ್ಭಾಗದ ಪುಟ್ಟ ಸ್ವಿಚ್ಚು ಕೆಟ್ಟಿತ್ತು. ಬ್ರೇಕ್ ಒತ್ತಿದ ಸುದ್ದಿ ಆ ಸ್ವಿಚ್ಚಿನಿಂದ ಬರದ ಹೊರತು ಗೇರಿನ ಬೀಗ ಬಿಡುವುದಿಲ್ಲ. ಹಿಡಿಯ ಪಕ್ಕದ ಮುಚ್ಚಳ ತೆಗೆದು, ಒಳಗಿನ ಗುಂಡಿಯನ್ನು ಕೀಲಿಯ ತುದಿಯಿಂದ ಒತ್ತಿ ಕಾರನ್ನು ಬಿಡಿಸಿಕೊಂಡೆವು. ಬ್ರೇಕ್ ದೀಪವಿಲ್ಲದ ಆ ಕಾರಿನ ಹಿಂದೆ ಇನ್ನೊಂದು ಕಾರು ಕಾವಲಾಗಿ ಬಂತು. ಬೀಗವನ್ನು ಅಂದು ನಾವೆಲ್ಲ ಶಪಿಸಿದೆವು. ಅದು ಹುಟ್ಟಿದ ಬಗೆಯನ್ನು ಓದಿದ ಮೇಲೆ ಶಾಪವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ತಂದ ಹೈಡ್ರಾಮ್ಯಾಟಿಕ್ ಗೇರುಪೆಟ್ಟಿಗೆಯಲ್ಲಿ 'ಪಿ' ಎಂಬ ಸ್ಥಾನವೇ ಇರಲಿಲ್ಲ. ಎಂಜಿನ್ ಆರಿಸಿ ರಿವರ್ಸ್‌ಗೆ ಹಾಕಿದರೆ ಕಾರು ಕಟ್ಟಿಬೀಳುತ್ತಿತ್ತು. ಮುಂದೆ 'ಪಿ' ಪ್ರತ್ಯೇಕವಾಯಿತಾದರೂ ಒಳಗಿನ ಉಪಾಯ ಸರಳವಾದದ್ದೇ. ಚಕ್ರಗಳತ್ತ ಹೋಗುವ ಶಾಫ್ಟಿನ ಮೇಲೊಂದು ಹಲ್ಲುಚಕ್ರ, ಆ ಹಲ್ಲುಗಳ ನಡುವೆ ಬೀಳುವ ಒಂದು ಪುಟ್ಟ ಉಕ್ಕಿನ ಅಗುಳಿ. ಟನ್ನುಗಟ್ಟಲೆ ಭಾರದ ಗಾಡಿ ನಿಲ್ಲುವುದು ಅದನ್ನೇ ನಂಬಿ.

ಅಗುಳಿ ಪೂರ್ತಿ ಬೀಳದಿದ್ದರೆ? 1970ರ ದಶಕದಲ್ಲಿ ಫೋರ್ಡ್ ಕಾರುಗಳ ಮೇಲೆ ಬಂದ ದೂರುಗಳ ತಿರುಳು ಇದೇ. ಗೇರಿನ ಹಿಡಿ 'ಪಿ' ಮತ್ತು 'ಆರ್' ನಡುವೆ ಎಲ್ಲೋ ತಂಗುತ್ತಿತ್ತು. ಓಡಿಸುವವರಿಗೆ ಅದು ಪಾರ್ಕಿನಲ್ಲಿದೆಯೆಂದೇ ಭಾಸವಾಗುತ್ತಿತ್ತು. ಎಂಜಿನ್ ಆರಿಸದೆ, ಗ್ಯಾರೇಜಿನ ಬಾಗಿಲು ತೆರೆಯಲೆಂದೋ ಡಿಕ್ಕಿಯಿಂದ ಸಾಮಾನು ಇಳಿಸಲೆಂದೋ ಅವರು ಕೆಳಗಿಳಿಯುವರು. ಎಂಜಿನ್ನಿನ ಅದುರಿಗೆ ಹಿಡಿ ರಿವರ್ಸ್‌ಗೆ ಜಾರಿ, ಕಾರು ತಾನಾಗಿಯೇ ಹಿಂದೆ ಹರಿಯುವುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಬಂದ ವರದಿಗಳಲ್ಲಿ 98 ಸಾವುಗಳಿದ್ದವು. 1980ರ ಜೂನ್‌ನಲ್ಲಿ ಸಂಸ್ಥೆ ಇದನ್ನು ವಾಹನದ ದೋಷವೆಂದೇ ಪ್ರಾಥಮಿಕವಾಗಿ ನಿರ್ಣಯಿಸಿತು. ತಪ್ಪು ಕಾರಿನದಲ್ಲ, ಗೇರನ್ನು ಸರಿಯಾಗಿ ಹಾಕದವರದು ಎಂಬುದು ಕಂಪನಿಯ ವಾದ.

ಆ ವರ್ಷದ ಡಿಸೆಂಬರಿನಲ್ಲಿ, ಕಾರ್ಟರ್ ಸರ್ಕಾರ ಅಧಿಕಾರ ಬಿಡುವ ಹೊಸ್ತಿಲಲ್ಲಿ, ಸಾರಿಗೆ ಕಾರ್ಯದರ್ಶಿ ನೀಲ್ ಗೋಲ್ಡ್‌ಶ್ಮಿಟ್ ಒಪ್ಪಿದ ರಾಜಿ ವಿಚಿತ್ರವಾದದ್ದು. ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವ ಬದಲು, ಸುಮಾರು 2.3 ಕೋಟಿ ವಾಹನಗಳ ಮಾಲೀಕರಿಗೆ ಎಚ್ಚರಿಕೆಯ ಸ್ಟಿಕ್ಕರನ್ನು ಅಂಚೆಯಲ್ಲಿ ಕಳಿಸುವುದು! ಗೇರು ಪಾರ್ಕಿನಲ್ಲಿದೆಯೇ ನೋಡಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಎಂಬುದು ಅದರ ಸಾರ. ಬುದ್ಧಿಮಾತು ಸರಿಯಾದದ್ದೇ. ಆದರೆ ಹಿಡಿ ಎರಡರ ನಡುವೆ ತಂಗುವುದನ್ನು ಕಾಗದದ ಚೂರು ತಡೆಯಬಲ್ಲದೇ? ನಮಗಂತೂ ಇದು ಹೊಣೆಯನ್ನು ಜಾರಿಸಿಕೊಂಡ ರಾಜಿಯಾಗಿಯೇ ತೋರುತ್ತದೆ.

ಬೀಗ ಬಂದದ್ದು ಇನ್ನೊಂದು ದಾರಿಯಿಂದ. ಆಡಿ 5000 ಕಾರುಗಳು ಏಕಾಏಕಿ ನುಗ್ಗುತ್ತವೆಂಬ ಗುಲ್ಲೆದ್ದಾಗ, ಬ್ರೇಕ್ ಒತ್ತದೆ 'ಪಿ' ಬಿಡದಂತೆ ಮಾಡುವ ಸಾಧನವನ್ನು ಕಂಪನಿ 1987ರಲ್ಲಿ ಸುಮಾರು ಎರಡೂವರೆ ಲಕ್ಷ ಕಾರುಗಳಿಗೆ ಜೋಡಿಸಲು ಮುಂದಾಯಿತು. ಬ್ರೇಕೆಂದು ಭಾವಿಸಿ ಆಕ್ಸಿಲರೇಟರ್ ತುಳಿದದ್ದೇ ಕಾರಣವೆಂದು 1989ರಲ್ಲಿ ತನಿಖೆ ಹೇಳಿತು. ತಪ್ಪು ಕಾಲಿನದೇ ಆಗಿದ್ದರೂ ಪರಿಹಾರ ಯಂತ್ರದಲ್ಲಿ ಬಂದಿತ್ತು. ಆಟವಾಡುತ್ತಾ ಗೇರು ಎಳೆಯುವ ಮಕ್ಕಳಿಗೂ ಅದೇ ರಕ್ಷೆ. 2008ರಲ್ಲಿ ಸಹಿಯಾದ, ಹಿಮ್ಮುಖವಾಗಿ ಬಂದ ಕಾರಿಗೆ ಸಿಕ್ಕು ತೀರಿಕೊಂಡ ಎರಡು ವರ್ಷದ ಮಗುವಿನ ಹೆಸರು ಹೊತ್ತ ಅಮೆರಿಕದ ಕಾಯಿದೆ ಈ ಬೀಗವನ್ನು ಕಡ್ಡಾಯಗೊಳಿಸಿತು.

ನಮ್ಮ ಸೊಸೈಟಿಗಳ ಇಳಿಜಾರಿನಲ್ಲಿ 'ಪಿ' ಬಿಡಿಸುವಾಗ ಢಣ್ಣೆಂದು ಸದ್ದಾಗುವುದು ಮಾತ್ರ ಬೀಗದ ದೋಷವಲ್ಲ. ಇಡೀ ಕಾರು ಅಗುಳಿಯ ಮೇಲೆ ಒರಗಿರುತ್ತದೆ. ಬ್ರೇಕ್ ತುಳಿದಂತೆಯೇ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಪಾದವನ್ನು ಸಡಿಲಿಸಿ ಭಾರ ಅದರ ಮೇಲೆ ಕೂತ ಬಳಿಕ, ಮತ್ತೆ ಬ್ರೇಕ್ ತುಳಿದು 'ಪಿ'ಗೆ ಹಾಕಿದರೆ ಅಗುಳಿ ಹಗುರವಾಗಿರುತ್ತದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಪ್ರತಿ ಸಲವೂ ನಡುವಿಗೇ ಮರಳುವ ಹೊಸ ಬಗೆಯ ಗೇರಿನ ಹಿಡಿಯನ್ನು ಫಿಯಟ್ ಕ್ರೈಸ್ಲರ್ ಕಂಪನಿ ತಂದಿತು. ಗೇರು ಎಲ್ಲಿದೆಯೆಂದು ಕೈಗೆ ತಿಳಿಯದೆ ಜನ ಮತ್ತೆ ಹಳೆಯ ಹಾಗೆಯೇ ಮೋಸಹೋದರು; 2016ರಲ್ಲಿ ಸುಮಾರು 11 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಈ ಬಾರಿ ಸ್ಟಿಕ್ಕರ್ ಕಳಿಸಲಿಲ್ಲ. ಓಡಿಸುವವರು ಬಾಗಿಲು ತೆರೆದು ಇಳಿಯಹೊರಟರೆ ಕಾರು ತಾನೇ 'ಪಿ'ಗೆ ಹೋಗುವಂತೆ ಅದರ ಸಾಫ್ಟ್‌ವೇರನ್ನು ಬದಲಿಸಿದರು.