ಮೋಟಾರ್ ಸೈಕಲ್‌ನ ಹಿಂಬದಿ ಬ್ರೇಕ್ ಮೆತ್ತಗಾದಾಗ ಅನುಸರಿಸಬೇಕಾದ ಕ್ರಮಗಳು

ಹಿಂಬದಿ ಬ್ರೇಕಿನ ಪೆಡಲ್ ಒತ್ತಿದಾಗ ಅದು ಅಲ್ಪ ದೂರ ಚಲಿಸಿ ಗಟ್ಟಿಯಾಗಿ ನಿಲ್ಲಬೇಕು. ಹಾಗಾಗದೆ ಸ್ಪಂಜಿನಂತೆ ತಗ್ಗಿದರೆ ಅಥವಾ ಬಹಳ ಕೆಳಗೆ ಇಳಿದರೆ ಬ್ರೇಕ್ ಮೆತ್ತಗಾಗಿದೆ ಎಂದು ತಿಳಿಯತಕ್ಕದ್ದು. ಈ ದೋಷವು ಬಹುಪಾಲು ನಿಧಾನವಾಗಿ ಹೆಚ್ಚುವುದರಿಂದ ಸವಾರರ ಕಾಲು ಅದಕ್ಕೆ ಒಗ್ಗಿಹೋಗಿ, ತುರ್ತು ಸಂದರ್ಭದಲ್ಲಿ ಮಾತ್ರ ಅರಿವಿಗೆ ಬರುತ್ತದೆ. ಆದುದರಿಂದ ವಾಹನ ನಿಂತಿರುವಾಗಲೇ ಇದನ್ನು ಪರೀಕ್ಷಿಸುವುದು ಅವಶ್ಯಕ.

ಡ್ರಮ್ ಬ್ರೇಕ್ ಇರುವ ವಾಹನಗಳು

ಸಾಮಾನ್ಯವಾಗಿ ಇವುಗಳ ಹಿಂಬದಿ ಬ್ರೇಕ್ ಸರಳು ಅಥವಾ ಕೇಬಲ್ ಮೂಲಕ ಕೆಲಸ ಮಾಡುತ್ತದೆ. ಬ್ರೇಕ್ ಶೂ ಸವೆದಂತೆ ಪೆಡಲ್ ಹೆಚ್ಚು ಕೆಳಗಿಳಿಯುತ್ತದೆ. ಹಿಂಚಕ್ರದ ಬಳಿ ಇರುವ ಹೊಂದಾಣಿಕೆ ನಟ್ ತಿರುಗಿಸಿ, ಮಾಲೀಕರ ಕೈಪಿಡಿಯಲ್ಲಿ ಸೂಚಿಸಿದ ಅಳತೆಗೆ ತರಬೇಕು. ಅನೇಕ ವಾಹನಗಳಲ್ಲಿ ಈ ಅಳತೆ 20ರಿಂದ 30 ಮಿ.ಮೀ. ಇರುತ್ತದೆ. ಪೆಡಲ್ ಬಿಟ್ಟಾಗ ಚಕ್ರವು ಉಜ್ಜದೆ ತಿರುಗಬೇಕು. ಪೆಡಲ್ ಪೂರ್ಣ ಒತ್ತಿದಾಗ ಡ್ರಮ್ ಮೇಲಿನ ಸೂಚಕವು ಮಿತಿಯ ಗುರುತನ್ನು ತಲುಪಿದರೆ ಶೂಗಳನ್ನೇ ಬದಲಾಯಿಸಬೇಕು.

ಡಿಸ್ಕ್ ಬ್ರೇಕ್: ಲಕ್ಷಣ ಮತ್ತು ಕಾರಣ

1. ಪೆಡಲನ್ನು ಹಲವು ಬಾರಿ ಒತ್ತಿದ ನಂತರ ಗಟ್ಟಿಯಾದರೆ, ಆಯಿಲ್ ಮಾರ್ಗದಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೊಟ್ಟಗಾದ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿದಾಗಲೂ ಇದೇ ಲಕ್ಷಣ ಕಾಣಬಹುದು.
2. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಸೋರಿಕೆ ಇದೆ. ಕೀಲುಗಳು, ಹೋಸ್ ಹಾಗೂ ಕ್ಯಾಲಿಪರ್ ಒದ್ದೆಯಾಗಿರದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಸವೆದಿರುವ ಸಂಭವವಿದೆ. ಇಂತಹ ವಾಹನವನ್ನು ಚಲಾಯಿಸಕೂಡದು.
3. ಆರಂಭದಲ್ಲಿ ಸರಿಯಿದ್ದು, ಕಾದ ಮೇಲೆ ಮೆತ್ತಗಾದರೆ ಆಯಿಲ್ ಹಳೆಯದಾಗಿದೆ. ಡಾಟ್ 3 ಮತ್ತು ಡಾಟ್ 4 ಆಯಿಲ್‌ಗಳು ಗಾಳಿಯ ತೇವಾಂಶವನ್ನು ಹೀರುತ್ತವೆ. ಆಗ ಅವುಗಳ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 4 ಗುಣಮಟ್ಟದಲ್ಲಿ ಕನಿಷ್ಠ ಕುದಿಯುವ ಬಿಂದು ಹೊಸ ಆಯಿಲ್‌ಗೆ 230, ತೇವಗೊಂಡ ಆಯಿಲ್‌ಗೆ 155 ಡಿಗ್ರಿ ಸೆಲ್ಸಿಯಸ್. ಆಗುಂಬೆ, ಚಾರ್ಮಾಡಿಯಂತಹ ಘಟ್ಟಗಳನ್ನು ಇಳಿಯುವಾಗ ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಇಂತಹ ಆಯಿಲ್ ಕುದಿದು ಆವಿಯ ಗುಳ್ಳೆ ಏಳುವ ಅಪಾಯವಿದೆ.
4. ಗಾಳಿ ತೆಗೆದ ಬಳಿಕವೂ ಸ್ಪಂಜಿನಂತಿದ್ದರೆ ಹೋಸ್ ಉಬ್ಬುತ್ತಿದೆಯೇ, ಕ್ಯಾಲಿಪರಿನ ಜಾರು ಪಿನ್‌ಗಳು ತುಕ್ಕು ಹಿಡಿದಿವೆಯೇ ಎಂದು ನೋಡಬೇಕು.

ಪ್ಯಾಡ್‌ಗಳು ಸವೆದಂತೆಯೂ ಆಯಿಲ್ ಮಟ್ಟ ಇಳಿಯುತ್ತದೆ. ಆದುದರಿಂದ ಆಯಿಲ್ ಸೇರಿಸುವ ಮೊದಲು ಪ್ಯಾಡ್‌ಗಳ ದಪ್ಪವನ್ನು ಪರಿಶೀಲಿಸತಕ್ಕದ್ದು.

ಗಾಳಿ ತೆಗೆಯುವ ವಿಧಾನ

• ಡಬ್ಬಿಯ ಮುಚ್ಚಳದಲ್ಲಿ ನಮೂದಿಸಿರುವ ದರ್ಜೆಯ, ಹೊಸದಾಗಿ ತೆರೆದ ಆಯಿಲನ್ನೇ ಬಳಸಬೇಕು.
• ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಜೋಡಿಸಿ, ಅದರ ತುದಿಯನ್ನು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು.
• ಪೆಡಲ್ ಒತ್ತಿ ಹಿಡಿದು ನಿಪ್ಪಲ್ ಸಡಿಲಿಸಿ, ಪುನಃ ಬಿಗಿಗೊಳಿಸಿದ ನಂತರವೇ ಪೆಡಲ್ ಬಿಡಬೇಕು. ಗುಳ್ಳೆಗಳು ನಿಲ್ಲುವವರೆಗೆ ಇದನ್ನು ಮುಂದುವರಿಸಬೇಕು.
• ಡಬ್ಬಿಯಲ್ಲಿ ಆಯಿಲ್ ಬರಿದಾಗಲು ಬಿಡಬಾರದು.
• ಗಾಳಿ ಮೇಲಕ್ಕೇರುವುದರಿಂದ ನಿಪ್ಪಲ್ ಕ್ಯಾಲಿಪರಿನ ಅತ್ಯಂತ ಎತ್ತರದಲ್ಲಿರಬೇಕು. ಹಾಗಿಲ್ಲದಿದ್ದಲ್ಲಿ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ತುಂಡನ್ನಿಟ್ಟು, ನಿಪ್ಪಲ್ ಮೇಲ್ಮುಖವಾಗುವಂತೆ ಹಿಡಿಯಬೇಕು.

ಎಚ್ಚರಿಕೆ

ಡಾಟ್ 3 ಅಥವಾ ಡಾಟ್ 4 ಆಯಿಲ್‌ಗೆ ಸಿಲಿಕೋನ್ ಆಧಾರಿತ ಡಾಟ್ 5 ಬೆರೆಸಕೂಡದು. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲ್‌ಗಳು ಹಾಳಾಗುತ್ತವೆ. ಬ್ರೇಕ್ ಆಯಿಲ್ ತಗುಲಿದ ಪ್ಯಾಡ್‌ಗಳನ್ನು ಬದಲಾಯಿಸಬೇಕು. ಎಬಿಎಸ್ ಇರುವ ವಾಹನದಲ್ಲಿ ಈ ಕ್ರಮದಿಂದ ದೋಷ ಸರಿಹೋಗದಿದ್ದರೆ ಅಧಿಕೃತ ಸೇವಾ ಕೇಂದ್ರದಲ್ಲಿಯೇ ದುರಸ್ತಿ ಮಾಡಿಸತಕ್ಕದ್ದು.

ಅಪಾಯಕ್ಕೆ ಎಡೆಮಾಡುವ ದೋಷವಿದೆ ಎಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷದೊಂದಿಗೆ, ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 190ರ ಅನ್ವಯ ಶಿಕ್ಷಾರ್ಹ. ದುರಸ್ತಿಯ ನಂತರ ಸಂಚಾರವಿಲ್ಲದ ಸ್ಥಳದಲ್ಲಿ ಕಡಿಮೆ ವೇಗದಲ್ಲಿ ಬ್ರೇಕ್ ಪರೀಕ್ಷಿಸಿ, ಆನಂತರವೇ ರಸ್ತೆಗಿಳಿಯಬೇಕೆಂದು ಸವಾರರಲ್ಲಿ ಕೋರಲಾಗಿದೆ.