ಸಕ್ಕರೆರಹಿತ ಚೂಯಿಂಗ್ ಗಮ್: ಹಲ್ಲಿನ ಎನಾಮಲ್ ನಿಜಕ್ಕೂ ರಿಪೇರಿ ಆಗುತ್ತಾ?

ಗಲ್ಫ್‌ನಿಂದ ರಜೆಗೆ ಬರುವವರ ಪೆಟ್ಟಿಗೆ ಬಿಚ್ಚಿದರೆ ಚಾಕಲೇಟ್ ಜೊತೆ ಒಂದೆರಡು ಡಬ್ಬಿ ಚೂಯಿಂಗ್ ಗಮ್ ಕೂಡ ಸಿಗುವುದುಂಟು. ಈಗ ನಮ್ಮೂರಿನ ಅಂಗಡಿಗಳಲ್ಲೂ 'ಶುಗರ್ ಫ್ರೀ' ಎಂದು ಬರೆದ ಗಮ್ ಬಂದಿದೆ. ಇದನ್ನು ಜಗಿದರೆ ಸವೆದ ಎನಾಮಲ್ ಮತ್ತೆ ಬೆಳೆಯುತ್ತದೆ ಎಂದು ನಂಬಿದವರಿದ್ದಾರೆ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಗೊತ್ತಿಲ್ಲದಿದ್ದರೆ, ಗಮ್ ಜಗಿಯುತ್ತಾ ಕೂತು ಹಲ್ಲನ್ನೇ ಕಳೆದುಕೊಳ್ಳಬೇಕಾದೀತು.

ಎನಾಮಲ್ ಅಂದರೆ ಏನು?

ಹಲ್ಲಿನ ಹೊರಗಿನ ಕವಚವೇ ಎನಾಮಲ್. ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಇದು. ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ, ಅದರಲ್ಲಿ ಮುಖ್ಯವಾದದ್ದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಎಲುಬು ಮುರಿದರೆ ಕೂಡುತ್ತದೆ. ಆದರೆ ಎನಾಮಲ್‌ನಲ್ಲಿ ಜೀವಕೋಶಗಳೇ ಇಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. ಹಾಗಾಗಿ ಒಮ್ಮೆ ಒಡೆದು ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಹುಳುಕು ಶುರುವಾಗುವುದು ಹೇಗೆ?

ಸಿಹಿ ಚಹಾ, ಬಿಸ್ಕತ್ತು, ಕೂಲ್ ಡ್ರಿಂಕ್ಸ್ ಬಾಯಿಗೆ ಹೋದಾಗಲೆಲ್ಲ ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಬದಲಾಯಿಸುತ್ತವೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಆ ಆಮ್ಲದ ಶಕ್ತಿ ಕುಗ್ಗಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ರಿಪೇರಿ ಎಂದರೆ ಇದೇ. ದಿನಕ್ಕೆ ಹಲವು ಬಾರಿ ಇದು ನಮಗೆ ಗೊತ್ತಾಗದಂತೆ ನಡೆಯುತ್ತಿರುತ್ತದೆ.

ಕರಗುವುದು ಹೆಚ್ಚಾಗಿ, ಸೇರುವುದು ಕಡಿಮೆಯಾದರೆ ಹಲ್ಲಿನ ಮೇಲೆ ಸುಣ್ಣದಂಥ ಮಂಕು ಬಿಳಿ ಚುಕ್ಕೆ ಕಾಣುತ್ತದೆ. ಈ ಹಂತದಲ್ಲಿ ಹಲ್ಲು ಚೇತರಿಸಿಕೊಳ್ಳಬಲ್ಲದು. ಅದು ಕುಸಿದು ಗುಂಡಿಯಾದ ಮೇಲೆ ಗಮ್ಮಿನಿಂದ ಏನೂ ಆಗದು, ದಂತವೈದ್ಯರೇ ಬೇಕು.

ಗಮ್ ಏನು ಮಾಡುತ್ತದೆ?

ಜಗಿಯುವಾಗ ಜೊಲ್ಲು ಹಲವು ಪಟ್ಟು ಹೆಚ್ಚು ಬರುತ್ತದೆ. ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಕೂಡ ಅದರಲ್ಲಿ ಜಾಸ್ತಿ ಇರುತ್ತದೆ. ಅಂದರೆ ಗಮ್ ತಾನೇ ರಿಪೇರಿ ಮಾಡುವುದಿಲ್ಲ. ರಿಪೇರಿ ಮಾಡುವ ಜೊಲ್ಲನ್ನು ಕರೆತರುತ್ತದೆ ಅಷ್ಟೇ. ಸಕ್ಕರೆರಹಿತ ಗಮ್ ಹಲ್ಲಿನ ಖನಿಜ ಉಳಿಸಲು ನೆರವಾಗುತ್ತದೆ ಎಂದು ಹೇಳಿಕೊಳ್ಳಲು ಯುರೋಪಿಯನ್ ಒಕ್ಕೂಟ 2012ರ ನಿಯಮದಲ್ಲಿ ಅನುಮತಿ ನೀಡಿದೆ. ಅದಕ್ಕೆ ಷರತ್ತೂ ಇದೆ: ತಿಂದ ಅಥವಾ ಕುಡಿದ ಮೇಲೆ ಕನಿಷ್ಠ 20 ನಿಮಿಷ ಜಗಿಯಬೇಕು.

ಕ್ಸೈಲಿಟಾಲ್ ಕಥೆ

1970ರ ದಶಕದಲ್ಲಿ ಫಿನ್ಲೆಂಡಿನ ತುರ್ಕು ನಗರದಲ್ಲಿ 125 ಮಂದಿಯ ಮೇಲೆ ಎರಡು ವರ್ಷಗಳ ಅಧ್ಯಯನ ನಡೆಯಿತು. ಸಕ್ಕರೆಯ ಬದಲು ಕ್ಸೈಲಿಟಾಲ್ ಸೇವಿಸಿದವರಲ್ಲಿ ಹುಳುಕು ಬಹಳ ಕಡಿಮೆ ಕಂಡುಬಂತು. 1975ರಲ್ಲಿ ಆ ದೇಶದಲ್ಲೇ ಕ್ಸೈಲಿಟಾಲ್ ಗಮ್ ಮಾರುಕಟ್ಟೆಗೆ ಬಂತು. ಹುಳುಕಿನ ಮುಖ್ಯ ಬ್ಯಾಕ್ಟೀರಿಯಾಕ್ಕೆ ಕ್ಸೈಲಿಟಾಲ್‌ನಿಂದ ಆಮ್ಲ ತಯಾರಿಸಲು ಆಗುವುದಿಲ್ಲ. ಆದರೆ ಲಾಭದಲ್ಲಿ ಕ್ಸೈಲಿಟಾಲ್ ಪಾಲೆಷ್ಟು, ಬರೀ ಜಗಿತದ ಪಾಲೆಷ್ಟು ಎಂಬ ಚರ್ಚೆ ಸಂಶೋಧಕರಲ್ಲಿ ಇನ್ನೂ ಮುಗಿದಿಲ್ಲ.

ಕೊಳ್ಳುವ ಮೊದಲು ಗಮನಿಸಿ

ಪುದೀನ ರುಚಿ ಇದ್ದ ಮಾತ್ರಕ್ಕೆ ಗಮ್ ಸಕ್ಕರೆರಹಿತ ಆಗುವುದಿಲ್ಲ. ಪಟ್ಟಿಯಲ್ಲಿ ಸಕ್ಕರೆ, ಗ್ಲೂಕೋಸ್ ಸಿರಪ್ ಇದ್ದರೆ ಬಿಟ್ಟುಬಿಡಿ. ಕೆಲವು ಗಮ್‌ಗಳಲ್ಲಿ ಜೆಲಾಟಿನ್ ಇರುತ್ತದೆ. ಹಲಾಲ್ ನೋಡಿ ಕೊಳ್ಳುವವರು ಅದನ್ನೂ ಓದಿ. ಸಾರ್ಬಿಟಾಲ್, ಕ್ಸೈಲಿಟಾಲ್ ಅತಿಯಾದರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ದವಡೆ ನೋವಿದ್ದವರು ಜಗಿಯದಿರುವುದೇ ಒಳ್ಳೆಯದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಪುಟ್ಟ ಮಕ್ಕಳಿಗೆ ಕೊಡಲೇಬೇಡಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತಿಡಿ, ಕ್ಸೈಲಿಟಾಲ್ ನಾಯಿಗೆ ವಿಷ.

ಊಟದ ಮೇಲೆ ಬಾಯಿಗೆ ಏನಾದರೂ ಬೇಕೇ ಬೇಕು ಎಂದು ಸಿಹಿ ಸುಪಾರಿ, ಗುಟ್ಕಾ ಹಾಕುವ ಯುವಕರು ಒಂದು ಮಾತು ನೆನಪಿಡಬೇಕು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಅದೂ ಜಗಿಯುವುದೇ, ಇದೂ ಜಗಿಯುವುದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಕೊನೆಯದಾಗಿ

ಗಮ್ ಬ್ರಶ್‌ಗೆ ಬದಲಿ ಅಲ್ಲ. ಫ್ಲೋರೈಡ್ ಇರುವ ಪೇಸ್ಟ್‌ನಿಂದ ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದೇ ಮೊದಲ ರಕ್ಷಣೆ; ಕರಗಿದ ಖನಿಜ ಮತ್ತೆ ಕೂರಲು ಫ್ಲೋರೈಡ್ ಸಹಾಯ ಮಾಡುತ್ತದೆ. ಪ್ರಯಾಣದಲ್ಲಿ, ಕೆಲಸದ ನಡುವೆ, ಬ್ರಶ್ ಕೈಗೆ ಸಿಗದ ಹೊತ್ತಿನಲ್ಲಿ ಸಕ್ಕರೆರಹಿತ ಗಮ್ ಒಳ್ಳೆಯ ಜೊತೆಗಾರ. ಮಕ್ಕಳ ಹಲ್ಲಿನಲ್ಲಿ ಬಿಳಿ ಚುಕ್ಕೆ ಕಂಡರೆ ನೋವು ಬರುವವರೆಗೆ ಕಾಯಬೇಡಿ. ಗುಂಡಿ ಬೀಳುವ ಮೊದಲೇ ದಂತವೈದ್ಯರಿಗೆ ತೋರಿಸಿದರೆ ಆ ಹಲ್ಲು ಉಳಿಯುವ ಸಾಧ್ಯತೆ ಹೆಚ್ಚು, ಖರ್ಚೂ ಕಡಿಮೆ.